ಹೇಳಿದ ಮಾತು ಕೇಳಲಿಲ್ಲ ಎಂದು ಕೆಲಸದಿಂದ ತೆಗೆದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯಕ್ಕೆ ಸಂಬಂಧಿಸಿದವು. ಒಂದು ಮಾಲೀಕರದ್ದು, ನಾಲ್ಕು ಕೆಲಸಗಾರರ ಕಡೆಯವು. ಗುರುತು ಸಿಗಬಾರದೆಂದು ಹೆಸರು ಕೈಬಿಟ್ಟು ಊರನ್ನಷ್ಟೇ ಉಳಿಸಿದ್ದೇವೆ.

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಅಡಿಕೆ ವಖಾರಿ. ಹಮಾಲರನ್ನು ಬಿಟ್ಟು ಹನ್ನೊಂದು ಜನ ಕೆಲಸಕ್ಕಿದ್ದಾರೆ. ಫೆಬ್ರವರಿಯ ಒಂದು ಸಂಜೆ ಚಾಲಿ (ಒಣಗಿಸಿದ ಅಡಿಕೆ) ಚೀಲ ಲಾರಿಗೆ ಏರುವ ತನಕ ನಿಂತು ಲೆಕ್ಕ ಬರೆದುಕೋ ಎಂದು ಎಂಟು ವರ್ಷದಿಂದ ಇದ್ದ ಗುಮಾಸ್ತನಿಗೆ ಹೇಳಿದೆ. ‘ಏಳು ಗಂಟೆ ಆಯ್ತು, ನಾನೇನು ನಿಮ್ಮ ಮನೆ ಆಳಲ್ಲ’ ಎಂದು ಅಡಿಕೆ ತಂದಿದ್ದ ನಾಲ್ಕು ಬೆಳೆಗಾರರ ಎದುರಿಗೇ ಹೇಳಿ ಚೀಲ ಹೆಗಲಿಗೇರಿಸಿಕೊಂಡು ಹೊರಟ. ‘ನಾಳೆಯಿಂದ ಬರೋದು ಬೇಡ’ ಎಂದೆ. ಆವರೆಗಿನ ಪಗಾರ ಲೆಕ್ಕ ಮಾಡಿ ಕೊಟ್ಟಿದ್ದೇನೆ. ಈಗ ಕಾರ್ಮಿಕ ನಿರೀಕ್ಷಕರ ಕಚೇರಿಯಿಂದ ನೋಟಿಸು ಬಂದಿದೆ. ಎದುರು ಮಾತಾಡಿದವನನ್ನು ಇಟ್ಟುಕೊಳ್ಳಲೇಬೇಕೇ?

ಉತ್ತರ: ಇಟ್ಟುಕೊಳ್ಳಲೇಬೇಕೆಂದೇನೂ ಇಲ್ಲ. ಆದರೆ ನೀವು ತೆಗೆದ ರೀತಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅವರ ತಪ್ಪು ಎಷ್ಟು ದೊಡ್ಡದು ಎಂಬ ಪ್ರಶ್ನೆ ಬರುವ ಮೊದಲೇ ನೀವು ಸೋತಿರುತ್ತೀರಿ.

ನಿಮ್ಮ ವಖಾರಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಕೇಂದ್ರದ ಕಾರ್ಮಿಕ ಸಂಹಿತೆಗಳು ಬಂದ ಮೇಲೂ ರಾಜ್ಯದ ಈ ಕಾಯ್ದೆ ಉಳಿದಿದೆ. ಇದರ 39ನೇ ಕಲಮಿನ ಪ್ರಕಾರ ಆರು ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದರೂ ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ಒಂದು ತಿಂಗಳ ಸಂಬಳ ಕೊಡಬೇಕು. ದುರ್ನಡತೆಯ ಆರೋಪದ ಮೇಲೆ ತೆಗೆಯುವುದಾದರೆ ನೋಟಿಸು ಬೇಡ, ಆದರೆ ಆಗ ವಿಚಾರಣೆ ನಡೆಸಿ ಅದರಲ್ಲಿ ತೃಪ್ತಿಕರ ಸಾಕ್ಷ್ಯ ದಾಖಲಾಗಿರಬೇಕು. ನೀವು ನೋಟಿಸನ್ನೂ ಕೊಟ್ಟಿಲ್ಲ, ವಿಚಾರಣೆಯನ್ನೂ ಮಾಡಿಲ್ಲ. ದುಡಿದ ದಿನಗಳ ಪಗಾರ ಕೊಟ್ಟದ್ದು ನೋಟಿಸಿನ ಸಂಬಳವಾಗುವುದಿಲ್ಲ. ಅದು ಹೇಗೂ ಅವರಿಗೆ ಸಲ್ಲಬೇಕಾಗಿದ್ದ ಹಣ.

ಇನ್ನು ತಪ್ಪಿನ ವಿಷಯ. ನಿಮ್ಮ ಪತ್ರದಲ್ಲಿ ಎರಡು ಆರೋಪ ಒಂದಕ್ಕೊಂದು ಹೊಸೆದುಕೊಂಡಿವೆ, ಅವನ್ನು ಬಿಡಿಸಿ ನೋಡಬೇಕು. ಒಂದು, ನಿಲ್ಲು ಎಂದರೆ ನಿಲ್ಲಲಿಲ್ಲ. ಇನ್ನೊಂದು, ಬೆಳೆಗಾರರ ಎದುರು ಆಡಿದ ಮಾತು.

ಅವಿಧೇಯತೆಯನ್ನು 1946ರ ಸ್ಥಾಯಿ ಆದೇಶಗಳ (ಕಾರ್ಖಾನೆಗಳ ನೌಕರಿ ಷರತ್ತುಗಳ) ಕಾಯ್ದೆಯಡಿಯ ಮಾದರಿ ನಿಯಮಗಳು (2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ) ವಿವರಿಸಿದ್ದು ಹೀಗೆ: ಮೇಲಿನವರ ‘ಕಾನೂನುಬದ್ಧವಾದ, ಸಮಂಜಸವಾದ’ ಆದೇಶವನ್ನು ‘ಬೇಕೆಂದೇ’ ಮೀರುವುದು. ಆ ನಿಯಮಗಳು ನಿಮ್ಮಂಥ ವಖಾರಿಗೆ ನೇರವಾಗಿ ಅನ್ವಯಿಸದಿದ್ದರೂ ನ್ಯಾಯಾಲಯಗಳು ಅಳೆಯುವ ಕೋಲು ಇದೇ. ಹಾಗಾಗಿ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ‘ಅವನು ಏನೆಂದ?’ ಎಂದಲ್ಲ, ‘ನೀವು ಏನು ಹೇಳಿದಿರಿ?’ ಎಂದು. ಆ ದಿನ ಅವರು ಎಷ್ಟು ಗಂಟೆಗೆ ಬಂದಿದ್ದರು? ಕಾಯ್ದೆಯ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಎರಡು ಪಟ್ಟು ದರದ ಕೂಲಿ ಕೊಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಬಂದವರನ್ನು, ಓವರ್‌ಟೈಮ್ ಕೊಡುವ ರೂಢಿಯೇ ಇಲ್ಲದ ಕಡೆ, ಏಳರ ಮೇಲೂ ನಿಲ್ಲು ಎಂದರೆ ಆ ಆದೇಶ ಸಮಂಜಸ ಎಂದು ತೋರಿಸುವುದು ಕಷ್ಟ. ಹಾಜರಿ ಪುಸ್ತಕದಲ್ಲಿ ಬಂದ ಹೋದ ವೇಳೆ ಬರೆಯದೆ ಬರೀ ‘ಹಾ’ ಎಂದು ಗುರುತು ಹಾಕುವ ವಖಾರಿಗಳಲ್ಲಿ ಇದು ಇನ್ನೂ ಕಷ್ಟ. ಮೊದಲ ಆರೋಪವನ್ನು ನೆಚ್ಚಿಕೊಳ್ಳಬೇಡಿ ಎಂದೇ ನಮ್ಮ ಸಲಹೆ.

ಎರಡನೆಯದರಲ್ಲಿ ತೂಕವಿದೆ. ಎಷ್ಟು ತೂಕ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1982ರ ರಮಾಕಾಂತ ಮಿಶ್ರ ಪ್ರಕರಣದಲ್ಲಿ ಹದಿನಾಲ್ಕು ವರ್ಷ ಕಳಂಕವಿಲ್ಲದೆ ದುಡಿದವರು ಒಮ್ಮೆ ನಾಲಿಗೆ ಹರಿಬಿಟ್ಟದ್ದಕ್ಕೆ ವಜಾ ಅತಿಯಾಯಿತು ಎಂದು ನ್ಯಾಯಾಲಯ ಎರಡು ವೇತನ ಬಡ್ತಿ ತಡೆಹಿಡಿಯುವ ಶಿಕ್ಷೆಗೆ ಇಳಿಸಿತು. 2005ರ ಮಹೀಂದ್ರ ಆ್ಯಂಡ್ ಮಹೀಂದ್ರ ಪ್ರಕರಣದಲ್ಲಿ ಮೇಲಧಿಕಾರಿಯನ್ನು ಇತರರ ಎದುರು ಹೊಲಸು ಮಾತಿನಲ್ಲಿ ಬೈದವರ ವಜಾವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ‘ನಿಮ್ಮ ಮನೆ ಆಳಲ್ಲ’ ಎಂಬುದು ಒರಟು ಮಾತು, ಹೊಲಸು ಮಾತಲ್ಲ. ಎಂಟು ವರ್ಷದಲ್ಲಿ ಇದೇ ಮೊದಲಾಗಿದ್ದರೆ ವಜಾ ಉಳಿಯುವುದು ಅನುಮಾನ. ಲಿಖಿತ ಎಚ್ಚರಿಕೆ ಅಥವಾ ಒಂದು ವೇತನ ಬಡ್ತಿಯ ತಡೆ ಉಳಿಯುತ್ತದೆ.

ನೋಟಿಸಿಗೆ ಉತ್ತರ ಕೊಡುವ ಮೊದಲು ಒಂದು ಲೆಕ್ಕ ಹಾಕಿ. ಪ್ರಕರಣ ಎರಡು ಮೂರು ವರ್ಷ ಎಳೆದು ಕೊನೆಗೆ ಅವರ ಪರವಾದರೆ ಕೂರಿಸಿದ ಅಷ್ಟೂ ಕಾಲದ ಹಿಂಬಾಕಿ ಸಂಬಳ ನಿಮ್ಮ ತಲೆಗೆ ಬರಬಹುದು. ತಪ್ಪಾಗಿ ತೆಗೆದಿದ್ದರೆ ಮರುನೇಮಕ ಮತ್ತು ಹಿಂಬಾಕಿ ಸಂಬಳವೇ ಸಾಮಾನ್ಯ ನಿಯಮ ಎಂದು 2013ರಲ್ಲಿ ದೀಪಾಲಿ ಸುರ್ವಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಈಗಲೇ ‘ಇಂಥ ತಾರೀಕಿನಿಂದ ಕೆಲಸಕ್ಕೆ ಹಾಜರಾಗಿ’ ಎಂದು ಪತ್ರ ಬರೆದು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಪ್ರತಿಯನ್ನು ನಿರೀಕ್ಷಕರಿಗೆ ಕೊಡಿ. ಗುಮಾಸ್ತರು ಕೆಲಸಕ್ಕೆ ಬಂದ ಮೇಲೆ ಬೇಕಿದ್ದರೆ ಆರೋಪಪಟ್ಟಿ ಕೊಡಬಹುದು. ಇದು ಸೋಲೊಪ್ಪಿಕೊಂಡಂತೆ ಎಂದು ಹಲವು ಮಾಲೀಕರು ಹಿಂಜರಿಯುತ್ತಾರೆ. ಆದರೆ ಹಿಂಬಾಕಿ ಏರುವುದು ನಿಲ್ಲುವುದು ಇದೊಂದರಿಂದಲೇ.

ಆರೋಪಪಟ್ಟಿ ಬರೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ‘ನೀವು ಅವಿಧೇಯವಾಗಿ, ಉದ್ಧಟತನದಿಂದ ವರ್ತಿಸಿದ್ದೀರಿ’ ಎಂಬುದು ಆರೋಪವಲ್ಲ, ಅಭಿಪ್ರಾಯ. ಹೀಗಿರಬೇಕು: ‘ದಿನಾಂಕ ಇಂಥದ್ದು, ಸಂಜೆ ಸುಮಾರು 7.05ಕ್ಕೆ, ವಖಾರಿಯ ತೂಕದ ಕಟ್ಟೆಯ ಬಳಿ, ಚಾಲಿ ಚೀಲಗಳ ಲೆಕ್ಕ ಬರೆದುಕೊಳ್ಳಲು ಮಾಲೀಕರು ಹೇಳಿದಾಗ ನೀವು ಬೆಳೆಗಾರರ ಮತ್ತು ತೂಕದವರ ಎದುರು ಈ ಕೆಳಗಿನ ಮಾತು ಆಡಿದಿರಿ.’ ಅದರ ಕೆಳಗೆ ಆಡಿದ ಮಾತು, ಆಡಿದ ಹಾಗೆಯೇ. ಬೈಗುಳವಾದರೆ ಚುಕ್ಕಿ ಹಾಕಿ ಮರೆಮಾಚಬೇಡಿ, ಏನು ಬೈದರೆಂದು ಗೊತ್ತಾಗದೆ ನ್ಯಾಯಾಲಯ ಅದನ್ನು ತೂಗುವುದು ಹೇಗೆ? ಹಿಂದಿನ ಎಚ್ಚರಿಕೆಗಳನ್ನು ಶಿಕ್ಷೆಗೆ ಲೆಕ್ಕ ಹಿಡಿಯುವುದಿದ್ದರೆ ಅವುಗಳ ದಿನಾಂಕವನ್ನೂ ಇಲ್ಲೇ ಹೇಳಿ. ಉತ್ತರಕ್ಕೆ ಒಂದು ವಾರವಾದರೂ ಕೊಡಿ. ಪಟ್ಟಿ ಕನ್ನಡದಲ್ಲಿರಲಿ.

ವಿಚಾರಣೆ ನಡೆಸುವವರು ನೀವಾಗಿರಬಾರದು. ಮಾತು ಕೇಳಿಸಿಕೊಂಡವರು ನೀವೇ ಆದ್ದರಿಂದ ನೀವು ಸಾಕ್ಷಿ. ಸಾಕ್ಷಿಯೇ ತೀರ್ಪುಗಾರನಾದರೆ ಅಷ್ಟಕ್ಕೇ ವಿಚಾರಣೆ ಬಿದ್ದುಹೋಗುತ್ತದೆ. ನಿಮ್ಮ ಅಣ್ಣತಮ್ಮಂದಿರೂ ಬೇಡ. ಈ ಗಲಾಟೆಗೆ ಸಂಬಂಧವಿಲ್ಲದ ಒಬ್ಬ ವಕೀಲರನ್ನೋ ನಿವೃತ್ತ ಅಧಿಕಾರಿಯನ್ನೋ ಗೊತ್ತುಮಾಡಿ. ಬೇಕಾದ್ದೇನು ಎಂದು 1963ರ ಸುರ್ ಎನಾಮೆಲ್ ತೀರ್ಪು ಐದೇ ಮಾತಿನಲ್ಲಿ ಹೇಳಿದೆ: ಆರೋಪ ಸ್ಪಷ್ಟವಾಗಿ ತಿಳಿಸಿರಬೇಕು, ಸಾಕ್ಷಿಗಳು ಆರೋಪಿಯ ಎದುರಿಗೇ ಹೇಳಬೇಕು, ಅವರನ್ನು ಪಾಟೀಸವಾಲು ಮಾಡಲು ಬಿಡಬೇಕು, ಆರೋಪಿಯ ಸಾಕ್ಷಿಗಳನ್ನೂ ಕೇಳಬೇಕು, ಕೊನೆಗೆ ಕಾರಣ ಸಹಿತ ವರದಿ ಬರೆಯಬೇಕು. ದಿನದಿನದ ನಡಾವಳಿಗೆ ಪ್ರತಿ ಪುಟದಲ್ಲೂ ಹಾಜರಿದ್ದವರ ಸಹಿ ಇರಲಿ. ಅಡಿಕೆ ತಂದ ಬೆಳೆಗಾರರು ಇಂಥದಕ್ಕೆ ಸಾಕ್ಷಿ ಹೇಳಲು ಬರುವುದಿಲ್ಲ, ಅದು ಗೊತ್ತಿದ್ದದ್ದೇ. ತೂಕದವರು ಬಂದು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರೆ ಸಾಕು. ವರದಿ ಬಂದ ಮೇಲೆ ಅದರ ಪ್ರತಿಯನ್ನು ನೌಕರರಿಗೆ ಕೊಟ್ಟು ಅವರ ಮಾತು ಕೇಳಿದ ಮೇಲೆಯೇ ಶಿಕ್ಷೆ ವಿಧಿಸಬೇಕು. 1993ರ ಕರುಣಾಕರ್ ತೀರ್ಪಿನಿಂದ ಬಂದ ಈ ಹೆಜ್ಜೆಯನ್ನು ಸಣ್ಣ ಸಂಸ್ಥೆಗಳು ಹಾರಿಬಿಡುವುದೇ ಹೆಚ್ಚು.

ವಿಚಾರಣೆ ಮುಗಿಯುವ ತನಕ ಅಮಾನತಿನಲ್ಲಿ ಇಡಬಹುದು, ಆದರೆ ಪುಕ್ಕಟೆಯಲ್ಲ. 1988ರ ಕರ್ನಾಟಕ ಜೀವನಾಧಾರ ಭತ್ಯೆ ಪಾವತಿ ಕಾಯ್ದೆಯ ಪ್ರಕಾರ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ 180 ದಿನದ ತನಕ ಶೇ. 75, ಅದಕ್ಕೂ ಮೇಲೆ ಶೇ. 90. ಒಂದು ಮಾತಿನ ಜಗಳಕ್ಕೆ ಅಮಾನತು ಬೇಕೇ ಎಂದು ಆಮೇಲೆ ಯೋಚಿಸುವ ಬದಲು ಈಗಲೇ ಯೋಚಿಸಿ.

ಪ್ರಶ್ನೆ: ಕಾರವಾರದ ಬೈತಖೋಲಿನಲ್ಲಿ ಪರ್ಸಿನ್ (ದೊಡ್ಡ ಸುತ್ತುಬಲೆಯ) ಬೋಟಿನ ತಾಂಡೇಲನಾಗಿ, ಅಂದರೆ ಬೋಟು ನಡೆಸುವವನಾಗಿ, ಆರು ವರ್ಷದಿಂದ ಇದ್ದೇನೆ. ಜೂನ್ ಮೊದಲ ವಾರ ‘ದಡದ ಹತ್ತಿರವೇ ಒಂದು ಸುತ್ತು ಹೋಗಿ ಬಾ, ಯಾರೂ ನೋಡುವುದಿಲ್ಲ’ ಎಂದು ಮಾಲೀಕರು ಹೇಳಿದರು. ನಾನು ಒಪ್ಪಲಿಲ್ಲ. ಆಗಸ್ಟಿನಲ್ಲಿ ಬೋಟು ಇಳಿಸುವಾಗ ‘ಮಾತು ಕೇಳದವ ನನಗೆ ಬೇಡ’ ಎಂದು ಬೇರೆಯವರನ್ನು ಕರೆದುಕೊಂಡರು. ಇದು ಸರಿಯೇ?

ಉತ್ತರ: ಸರಿಯಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷಿದ್ಧ. ಆ ಅವಧಿಯಲ್ಲಿ ಬಲೆ ಬಿಡು ಎನ್ನುವುದು ಕಾನೂನುಬಾಹಿರ ಆದೇಶ. ಅದನ್ನು ಒಲ್ಲೆ ಎಂದವರ ಮೇಲೆ ಅವಿಧೇಯತೆಯ ಆರೋಪವೇ ಹುಟ್ಟುವುದಿಲ್ಲ. ಹವಾಮಾನ ಇಲಾಖೆ ಮೀನುಗಾರರು ಕಡಲಿಗಿಳಿಯಬಾರದೆಂದು ಎಚ್ಚರಿಕೆ ಕೊಟ್ಟ ದಿನ ಒಲ್ಲೆ ಎಂದಿದ್ದರೂ ಹೀಗೆಯೇ. ಅದು ನಿಷೇಧದ ಅವಧಿ ಅಲ್ಲದಿದ್ದರೂ ಜೀವಕ್ಕೆ ಅಪಾಯವಿರುವ ಆದೇಶ ಸಮಂಜಸವಲ್ಲ.

ನಿಮ್ಮ ತೊಡಕು ಬೇರೆ ಕಡೆ ಇದೆ. ಬೋಟಿನಲ್ಲಿ ಸಂಬಳವಿಲ್ಲ, ಪಾಲು. ‘ಇವನು ನನ್ನ ನೌಕರನೇ ಅಲ್ಲ, ಪಾಲುದಾರ’ ಎಂಬುದೇ ಮಾಲೀಕರ ಮೊದಲ ವಾದವಾಗುತ್ತದೆ. ಅದನ್ನು ಮುರಿಯಲು ಬೇಕಾದ್ದು ದಿನದಿನದ ಹಿಡಿತ ಯಾರದ್ದಿತ್ತು ಎಂಬ ಪುರಾವೆ: ಯಾವಾಗ ಹೋಗಬೇಕು, ಯಾವ ಬಂದರಿಗೆ ತರಬೇಕು ಎಂದು ಮಾಲೀಕರು ಕಳಿಸಿದ ವಾಟ್ಸ್ಆ್ಯಪ್ ಸಂದೇಶಗಳು, ಪಾಲಿನ ಹೊರತಾಗಿ ಕೊಟ್ಟ ಬಾಟಾ (ಖರ್ಚಿನ ಹಣ), ಮುಂಗಡ ಹಣದ ಬ್ಯಾಂಕ್ ನಮೂದು, ವಿಮೆಯ ಪಟ್ಟಿಯಲ್ಲಿ ನಿಮ್ಮ ಹೆಸರು. ಮೊಬೈಲ್ ಬದಲಿಸುವ ಮೊದಲು ಅವನ್ನೆಲ್ಲ ತೆಗೆದಿಟ್ಟುಕೊಳ್ಳಿ. ಜೂನ್ ತಿಂಗಳಿನ ಆ ಮಾತು ಬಾಯಲ್ಲೇ ಆಗಿದ್ದರೆ ಜೊತೆಗಿದ್ದ ಕಲಾಸಿಯೊಬ್ಬರು ಸಾಕ್ಷಿಯಾಗಬೇಕು. ಇನ್ನು ಮುಂದೆ ಇಂಥ ಆದೇಶ ಬಂದರೆ ‘ನಿಷೇಧ ಇರುವುದರಿಂದ ಬೋಟು ಒಯ್ಯುವುದಿಲ್ಲ, ಆಗಸ್ಟ್ 1ರಿಂದ ಸಿದ್ಧನಿದ್ದೇನೆ’ ಎಂದು ಒಂದು ಸಾಲು ಸಂದೇಶ ಹಾಕಿ. ‘ಸಿದ್ಧನಿದ್ದೇನೆ’ ಎಂಬ ಮಾತೇ ಮುಖ್ಯ. ಅದಿಲ್ಲದಿದ್ದರೆ ಕೆಲಸ ಬಿಟ್ಟುಹೋದ ಎಂದು ಕಥೆ ತಿರುಗುತ್ತದೆ.

ದೂರು ಕೊಡಬೇಕಾದದ್ದು ಕಾರವಾರದ ಕಾರ್ಮಿಕ ಅಧಿಕಾರಿಯವರಿಗೆ. ಅವರು ಇಬ್ಬರನ್ನೂ ಕರೆದು ಸಂಧಾನ ನಡೆಸುತ್ತಾರೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ವಜಾ ಆದವರಿಗೆ ಮೂರು ವರ್ಷದ ಅವಕಾಶವಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು ಎರಡೇ ವರ್ಷ. ಸಂಧಾನ ಫಲಿಸದಿದ್ದರೆ ಅಧಿಕಾರಿಯ ವರದಿ ಕೈಸೇರಿದ 90 ದಿನದೊಳಗೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಕಡಲು ತೆರೆಯಿತು, ಬೇರೆ ಬೋಟಿಗೆ ಹೋದೆ, ಆಮೇಲೆ ನೋಡೋಣ ಎಂದು ಬಿಟ್ಟವರು ಈ ಗಡುವನ್ನೇ ಕಳೆದುಕೊಳ್ಳುತ್ತಾರೆ. ಹಾಗೆಂದು ಬೇರೆ ಬೋಟಿಗೆ ಹೋದರೆ ಹಕ್ಕು ಹೋಗುವುದಿಲ್ಲ. ಅಲ್ಲಿ ದುಡಿದದ್ದನ್ನು ಹಿಂಬಾಕಿಯಲ್ಲಿ ಕಳೆಯಬಹುದು, ಅಷ್ಟೇ. ಅದನ್ನು ಮುಚ್ಚಿಡಬೇಡಿ.

ಪ್ರಶ್ನೆ: ಕುಮಟಾದ ಗೇರುಬೀಜ ಕಾರ್ಖಾನೆಯೊಂದರಲ್ಲಿ ಸಿಪ್ಪೆ ತೆಗೆದ ಬೀಜ ವಿಂಗಡಿಸುವ ಕೆಲಸ ನನ್ನದು. ಬೀಜ ಒಡೆಯುವ ವಿಭಾಗಕ್ಕೆ ಹೋಗು ಎಂದರು. ಕೈಗವಸು ಕೊಡಿ, ಹೋಗುತ್ತೇನೆ ಎಂದೆ. ‘ಇದನ್ನು ಅವಿಧೇಯತೆ ಎಂದು ಏಕೆ ಪರಿಗಣಿಸಬಾರದು, ಮೂರು ದಿನದಲ್ಲಿ ತಿಳಿಸಿ’ ಎಂದು ಮೆಮೊ ಕೊಟ್ಟಿದ್ದಾರೆ. ಸಹಿ ಮಾಡಬೇಕೇ? ಏನು ಬರೆಯಲಿ?

ಉತ್ತರ: ಸಹಿ ಮಾಡಿ. ಮೆಮೊ ತೆಗೆದುಕೊಳ್ಳದಿರುವುದು ಇನ್ನೊಂದು ಆರೋಪಕ್ಕೆ ದಾರಿ. ಆದರೆ ಸಹಿಯ ಮೇಲೆ ‘ಪ್ರತಿ ಪಡೆದಿದ್ದೇನೆ’ ಎಂದು ನಿಮ್ಮ ಕೈಯಲ್ಲೇ ಬರೆದು ದಿನಾಂಕ ಹಾಕಿ. ‘ತಪ್ಪು ಒಪ್ಪಿದ್ದೇನೆ’ ಎಂದು ಮೊದಲೇ ಟೈಪಾದ ಹಾಳೆಗೋ ಖಾಲಿ ಹಾಳೆಗೋ ಸಹಿ ಹಾಕಬೇಡಿ.

ವಿಭಾಗ ಬದಲಿಸುವ ಹಕ್ಕು ಸಾಮಾನ್ಯವಾಗಿ ಮಾಲೀಕರಿಗಿದೆ. ಕೂಲಿ ಕಡಿಮೆಯಾಗದಿದ್ದರೆ, ಕೆಲಸ ಅದೇ ದರ್ಜೆಯದಾಗಿದ್ದರೆ ‘ನಾನು ಅಲ್ಲಿಗೆ ಹೋಗುವುದೇ ಇಲ್ಲ’ ಎಂದು ಹಟ ಹಿಡಿದರೆ ನೀವು ಸೋಲುತ್ತೀರಿ. ನಿಮ್ಮನ್ನು ಕಾಪಾಡುವುದು ‘ಕೈಗವಸು ಕೊಡಿ’ ಎಂಬ ಮಾತು. ಗೇರುಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಬೆರಳ ಸಂದಿಯಲ್ಲಿ ಹುಣ್ಣಾಗುತ್ತದೆ. ಬೂದಿ ಅಥವಾ ಹರಳೆಣ್ಣೆ ಸವರಿಕೊಂಡು ಒಡೆಯುವ ಹಳೆಯ ಪದ್ಧತಿ ಬಂದದ್ದು ಅದಕ್ಕೇ. ಅಪಾಯವಿರುವಲ್ಲಿ ರಕ್ಷಣೆಯ ಸಾಮಾನು ಕೊಡುವುದು ಮಾಲೀಕರ ಹೊಣೆ. ಅದನ್ನು ಕೇಳಿದ್ದು ಆದೇಶವನ್ನು ಬೇಕೆಂದೇ ಮೀರಿದಂತಾಗುವುದಿಲ್ಲ.

ಉದ್ದ ಬರೆಯಬೇಡಿ, ಮೇಲ್ವಿಚಾರಕರ ಗುಣಾವಗುಣ ಬರೆಯಬೇಡಿ. ಇಷ್ಟು ಸಾಕು: ‘ದಿನಾಂಕ ಇಂಥದರ ಮೆಮೊಗೆ ಉತ್ತರ. ಬೀಜ ಒಡೆಯುವ ವಿಭಾಗಕ್ಕೆ ಹೋಗಲು ನಾನು ನಿರಾಕರಿಸಿಲ್ಲ. ಸಿಪ್ಪೆಯ ಎಣ್ಣೆಯಿಂದ ಕೈ ಸುಡುವುದರಿಂದ ಕೈಗವಸು ಕೇಳಿದ್ದೇನೆ. ಕೊಟ್ಟ ಕೂಡಲೇ ಆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಯವರೆಗೆ ಈಗಿನ ವಿಭಾಗದಲ್ಲಿ ದಿನವೂ ಹಾಜರಿದ್ದೇನೆ.’ ಎರಡು ಪ್ರತಿ ಮಾಡಿ ಒಂದರ ಮೇಲೆ ಕಚೇರಿಯ ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಮುನಿಸಿನಿಂದ ಮನೆಯಲ್ಲಿ ಕೂರಬೇಡಿ. ಇಂಥ ಪ್ರಕರಣಗಳಲ್ಲಿ ಹೆಂಗಸರು ಸೋಲುವುದು ಮೆಮೊದಿಂದಲ್ಲ, ಆಮೇಲಿನ ಹತ್ತು ದಿನದ ಗೈರುಹಾಜರಿಯಿಂದ. ಗೇಟಿನಲ್ಲಿ ತಡೆದರೆ ಅದೇ ದಿನ, ಅದೇ ಗಂಟೆಗೆ ಕಚೇರಿಯ ನಂಬರಿಗೆ ‘ಗೇಟಿನ ಹತ್ತಿರ ಇದ್ದೇನೆ, ಒಳಗೆ ಬಿಡುತ್ತಿಲ್ಲ’ ಎಂದು ಸಂದೇಶ ಹಾಕಿ.

ಪ್ರಶ್ನೆ: ಗೋಕರ್ಣದ ರೆಸಾರ್ಟೊಂದರಲ್ಲಿ ಮ್ಯಾನೇಜರ್ ಆಗಿದ್ದೆ, ಸಂಬಳ 42,000. ಮಾಲೀಕರ ನಿರ್ಧಾರವನ್ನು ಸಿಬ್ಬಂದಿ ಸಭೆಯಲ್ಲಿ ಪ್ರಶ್ನಿಸಿದ್ದಕ್ಕೆ ತೆಗೆದುಹಾಕಿದರು. ಕಾರ್ಮಿಕ ಅಧಿಕಾರಿಗೆ ದೂರು ಕೊಡಬಹುದೇ?

ಉತ್ತರ: ನಿಜವಾಗಿ ಆಡಳಿತ ನಡೆಸುತ್ತಿದ್ದರೆ ಪ್ರಯೋಜನವಿಲ್ಲ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು 18,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವರನ್ನು, ಸಂಬಳ ಎಷ್ಟೇ ಇರಲಿ ಆಡಳಿತದ ಹುದ್ದೆಯಲ್ಲಿರುವವರನ್ನು ಹೊಸ ಸಂಹಿತೆ ಕಾರ್ಮಿಕರೆಂದು ಎಣಿಸುವುದಿಲ್ಲ. ಅಂಗಡಿ ಕಾಯ್ದೆಯೂ ಆಡಳಿತ ಹುದ್ದೆಯನ್ನು ಹೊರಗಿಟ್ಟಿದೆ. ಆದರೆ ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುತ್ತಿದ್ದ ಕೆಲಸವನ್ನು. ರಜೆ ಮಂಜೂರು ಮಾಡುವ, ಜನರನ್ನು ನೇಮಿಸುವ ಅಧಿಕಾರವಿಲ್ಲದೆ ದಿನವಿಡೀ ಕೌಂಟರಿನಲ್ಲಿ ಬುಕಿಂಗ್ ಬರೆಯುತ್ತಿದ್ದವರು ಬಾಗಿಲಿನ ಮೇಲೆ ಮ್ಯಾನೇಜರ್ ಎಂದು ಬರೆದಿದ್ದರೂ ಕಾರ್ಮಿಕರೇ ಆಗಬಹುದು. ಅಧಿಕಾರ ನಿಜವಾಗಿಯೂ ಇದ್ದರೆ ನಿಮಗಿರುವುದು ನೇಮಕಾತಿ ಪತ್ರ ಮಾತ್ರ. ಅದರಲ್ಲಿ ಎರಡು ತಿಂಗಳ ನೋಟಿಸು ಎಂದಿದ್ದರೆ ಆ ಹಣಕ್ಕೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ಕೆಲಸ ಮರಳಿ ಸಿಗುವುದಿಲ್ಲ.

ಪ್ರಶ್ನೆ: ಅಂಕೋಲಾದಲ್ಲಿ ಹದಿನಾಲ್ಕು ವರ್ಷ ದುಡಿದ ಸಂಸ್ಥೆಯಿಂದ ಅವಿಧೇಯತೆಯ ಕಾರಣಕ್ಕೆ ನನ್ನ ತಮ್ಮನನ್ನು ವಜಾ ಮಾಡಿದ್ದಾರೆ. ‘ವಜಾ ಆದವರಿಗೆ ಗ್ರಾಚ್ಯುಟಿ ಇಲ್ಲ’ ಎನ್ನುತ್ತಿದ್ದಾರೆ. ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಸೇರಿ 18,200 ಇತ್ತು.

ಉತ್ತರ: ವಜಾ ಆದರೂ ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಸಿಗುವ ಇಡುಗಂಟು, ಇದೆ. ಇಡೀ ಗ್ರಾಚ್ಯುಟಿಯನ್ನು ಮುಟ್ಟುಗೋಲು ಹಾಕಲು ಹೊಡೆದಾಟ, ದೊಂಬಿ ಅಥವಾ ಹಿಂಸೆಯ ನಡತೆಗಾಗಿ ವಜಾ ಆಗಿರಬೇಕು, ಇಲ್ಲವೇ ಕೆಲಸದ ವೇಳೆಯಲ್ಲಿ ಕಳವು, ವಂಚನೆಯಂಥ ನೈತಿಕ ಅಧಃಪತನದ ಅಪರಾಧ ಮಾಡಿರಬೇಕು. ಬೇಕೆಂದೇ ಮಾಡಿದ ತಪ್ಪಿನಿಂದ ಸಂಸ್ಥೆಗೆ ನಷ್ಟವಾಗಿದ್ದರೆ ಆ ನಷ್ಟದಷ್ಟು ಮಾತ್ರ ಕಳೆಯಬಹುದು. ಅದನ್ನು ರೂಪಾಯಿ ಲೆಕ್ಕದಲ್ಲಿ ತೋರಿಸಬೇಕು. ಹೇಳಿದ್ದು ಕೇಳಲಿಲ್ಲ, ಎದುರು ಮಾತಾಡಿದ ಎಂಬುದು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಲೆಕ್ಕ ಹೀಗೆ: 18,200ನ್ನು 26ರಿಂದ ಭಾಗಿಸಿದರೆ ದಿನಕ್ಕೆ 700. ವರ್ಷಕ್ಕೆ 15 ದಿನದಂತೆ 10,500. ಹದಿನಾಲ್ಕು ವರ್ಷಕ್ಕೆ 1,47,000 ರೂಪಾಯಿ. ಹದಿನಾಲ್ಕರ ಮೇಲೆ ಆರು ತಿಂಗಳಿಗಿಂತ ಹೆಚ್ಚು ದುಡಿದಿದ್ದರೆ ಹದಿನೈದು ವರ್ಷವೆಂದೇ ಎಣಿಕೆ. ಸಂಸ್ಥೆಯಲ್ಲಿ ಹತ್ತು ಅಥವಾ ಹೆಚ್ಚು ಜನ ಇದ್ದಿರಬೇಕು, ಅಷ್ಟೇ ಷರತ್ತು. ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಕೊಡದಿದ್ದರೆ ಬಡ್ಡಿಯೂ ಸೇರುತ್ತದೆ. ಮೊದಲು ಸಂಸ್ಥೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. ಕೊಡದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಗ್ರಾಚ್ಯುಟಿ ಪ್ರಕರಣ ನೋಡುವ ಪ್ರಾಧಿಕಾರದ ಮುಂದೆ ಅರ್ಜಿ. ವಜಾ ಸರಿಯೋ ತಪ್ಪೋ ಎಂಬ ಪ್ರಕರಣ ಬೇರೆಯೇ ನಡೆಯುತ್ತಿರಲಿ, ಇದಕ್ಕೆ ಅದು ಮುಗಿಯುವುದನ್ನು ಕಾಯಬೇಕಿಲ್ಲ. ಭವಿಷ್ಯ ನಿಧಿಯ ಹಣವನ್ನಂತೂ ಯಾವ ಕಾರಣಕ್ಕೂ ಮಾಲೀಕರು ಮುಟ್ಟುವಂತಿಲ್ಲ.